ಗದ್ದೆಯ ಏಡಿ, ಅಳಿವೆಯ ಏಡಿ: ಕೊಡಗಿನ ನೀರು ಹೊತ್ತೊಯ್ಯುವ ಅಪಾಯ

ಕೊಡಗಿನ ಕಕ್ಕಡ ತಿಂಗಳ ಹೆಸರಿನಲ್ಲೇ ಏಡಿ ಇದೆ. ಸಂಸ್ಕೃತದಲ್ಲಿ ಕರ್ಕಟ ಎಂದರೆ ಏಡಿ. ಸೂರ್ಯನು ಕರ್ಕಾಟಕ ರಾಶಿಯಲ್ಲಿರುವ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಈ ಅವಧಿ ಕೊಡಗಿಗೆ ಕಕ್ಕಡ, ಕೇರಳಕ್ಕೆ ಕರ್ಕಿಡಗಂ, ತುಳುನಾಡಿಗೆ ಆಟಿ. ನಾಟಿಗೆಂದು ನೀರು ನಿಲ್ಲಿಸಿದ ಗದ್ದೆಯ ಬದುವಿನಲ್ಲಿ ಏಡಿ ಕೈಗೆ ಸಿಗುವ ಕಾಲವೂ ಇದೇ ಆಗಿದೆ. ಕಣಿಲೆ, ಅಣಬೆ, ಕೆಸುವಿನ ಜತೆಗೆ ಏಡಿ ಸಾರು ಮತ್ತು ಅಕ್ಕಿ ರೊಟ್ಟಿ ಇಲ್ಲಿಯ ಮಳೆಗಾಲದ ಊಟ. ಕೊಡವರು ಇದನ್ನು ಞಂಡ್ ಎನ್ನುತ್ತಾರೆ, ಘಟ್ಟದ ಕೆಳಗಿನ ತುಳುವರು ಡೆಂಜಿ ಎನ್ನುತ್ತಾರೆ.

ಕೊಡಗಿಗೆ ಕಡಲಿಲ್ಲ, ಅಳಿವೆಯೂ ಇಲ್ಲ. ಆದರೆ ಕರಾವಳಿಯ ಅಳಿವೆಗಳಿಗೆ ಹೋಗುವ ನೀರಿನ ಒಂದು ಪಾಲು ಇಲ್ಲಿಂದಲೇ ಹೊರಡುತ್ತದೆ. ಜೋಡುಪಾಲ, ಸಂಪಾಜೆ ಕಡೆಯ ನೀರನ್ನು ಹೊತ್ತ ಪಯಸ್ವಿನಿ ಸುಳ್ಯವನ್ನು ದಾಟಿ ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನಲ್ಲಿ ಸಮುದ್ರ ಸೇರುತ್ತದೆ. ಪುಷ್ಪಗಿರಿಯ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಮಂಗಳೂರಿಗೆ ಹೋಗುತ್ತದೆ. ದಕ್ಷಿಣ ಕೊಡಗಿನ ಬರಪೊಳೆ ಕಣ್ಣೂರಿನ ವಳಪಟ್ಟಣಂ ಹೊಳೆಯ ಪಾಲಾಗುತ್ತದೆ. ಆದ್ದರಿಂದ ಗದ್ದೆಯ ಏಡಿಗೆ ಬಂದ ಕಷ್ಟ ಗದ್ದೆಯಲ್ಲೇ ಮುಗಿಯುವುದಿಲ್ಲ.

ಎರಡು ಏಡಿ, ಎರಡು ಬಾಳು

ಅಳಿವೆಯ ಕಾಂಡ್ಲಾ ಗಿಡಗಳ ಕೆಸರಿನಲ್ಲಿ ವಾಸಿಸುವ ದೊಡ್ಡ ಏಡಿಗಳು ಸ್ಕಿಲ್ಲಾ ಕುಲಕ್ಕೆ ಸೇರಿದವು. ಇವುಗಳ ಹೆಣ್ಣು ಮೊಟ್ಟೆಯೊಡೆಸಲು ಉಪ್ಪುನೀರಿನ ಕಡೆಗೆ ಸಾಗುತ್ತದೆ. ಅಲ್ಲಿ ಹುಟ್ಟುವ ಲಕ್ಷಾಂತರ ಲಾರ್ವಾಗಳು ಅಲೆಗಳಲ್ಲಿ ತೇಲಿ, ಹಲವು ಹಂತಗಳಲ್ಲಿ ರೂಪ ಬದಲಿಸಿ ಮತ್ತೆ ಅಳಿವೆಗೆ ಮರಳುತ್ತವೆ. ಸಿಹಿನೀರಿನ ಏಡಿಯದು ಬೇರೆಯೇ ದಾರಿ. ಅದು ಇಡುವ ಮೊಟ್ಟೆಗಳು ಕಡಿಮೆ, ಆದರೆ ಗಾತ್ರದಲ್ಲಿ ದೊಡ್ಡವು. ಲಾರ್ವಾ ಹಂತವೇ ಇಲ್ಲದೆ ಮೊಟ್ಟೆಯಿಂದ ಪುಟ್ಟ ಏಡಿಯೇ ಹೊರಬರುತ್ತದೆ ಮತ್ತು ಕೆಲಕಾಲ ತಾಯಿಯ ಹೊಟ್ಟೆಯ ಮಡಿಕೆಯಡಿ ಬೆಳೆಯುತ್ತದೆ.

ಈ ವ್ಯತ್ಯಾಸ ಸಣ್ಣದಲ್ಲ. ಒಂದು ಅಳಿವೆಯಲ್ಲಿ ಏಡಿ ಕಡಿಮೆಯಾದರೆ ಸಮುದ್ರದ ದಾರಿಯಲ್ಲಿ ಬೇರೆ ಕಡೆಯ ಮರಿಗಳು ಬಂದು ಸೇರಬಹುದು. ಒಂದು ತೊರೆಯ ಏಡಿ ನಾಶವಾದರೆ ಅದನ್ನು ತುಂಬಿಕೊಡಲು ಯಾವ ಪ್ರವಾಹವೂ ಇಲ್ಲ. ಪಶ್ಚಿಮ ಘಟ್ಟದಲ್ಲಿ ಒಂದೆರಡು ಕಣಿವೆಗಳಿಗೇ ಸೀಮಿತವಾದ ಪ್ರಭೇದಗಳು ಇರುವುದಕ್ಕೂ ಇದೇ ಕಾರಣ. 2022ರಲ್ಲಿ ಉತ್ತರ ಕನ್ನಡದ ಯಲ್ಲಾಪುರ ಭಾಗದ ಕಾಡಿನಿಂದ ಎರಡು ಬಣ್ಣದ ‘ಘಾಟಿಯಾನಾ ದ್ವಿವರ್ಣ’ ಎಂಬ ಹೊಸ ಪ್ರಭೇದ ವರದಿಯಾಯಿತು. 2009ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯು ಸುಮಾರು 1,280 ಸಿಹಿನೀರಿನ ಏಡಿ ಪ್ರಭೇದಗಳನ್ನು ಪರಿಶೀಲಿಸಿ, ಆರರಲ್ಲೊಂದು ಪಾಲು ಅಳಿವಿನ ಅಂಚಿಗೆ ಸರಿದಿದೆ ಎಂದು ಅಂದಾಜಿಸಿತ್ತು.

ಆಹಾರದ ವಿಷಯದಲ್ಲಿ ಇದು ಆಯ್ಕೆ ಮಾಡುವ ಪ್ರಾಣಿಯಲ್ಲ. ಕೊಳೆತ ಎಲೆ, ಪಾಚಿ, ಹುಳು, ಬಸವನಹುಳು, ಸತ್ತ ಮೀನು, ಹಸಿವಾದರೆ ತನ್ನದೇ ಜಾತಿಯ ಮೆತ್ತಗಿನ ಏಡಿ, ಎಲ್ಲವೂ ಆದೀತು. ಪೊರೆ ಕಳಚಿದ ಏಡಿ ತನ್ನ ಹಳೆಯ ಚಿಪ್ಪನ್ನೇ ತಿಂದು ಸುಣ್ಣದಂಶವನ್ನು ಮರಳಿ ಪಡೆಯುತ್ತದೆ. ಎಳೆಯ ಭತ್ತದ ಸಸಿಯನ್ನು ಕತ್ತರಿಸುವುದು ಮತ್ತು ಬದುವಿಗೆ ಬಿಲ ಕೊರೆದು ನೀರು ಸೋರಿಸುವುದು ರೈತರ ದೃಷ್ಟಿಯಲ್ಲಿ ಅದರ ಅಪರಾಧಗಳು. ಎಲೆಗಳನ್ನು ಚೂರು ಮಾಡಿ ತೊರೆಯ ಇತರ ಜೀವಿಗಳಿಗೆ ಒದಗಿಸುವುದು, ನೀರುನಾಯಿ ಹಾಗೂ ಬಕಗಳ ಹೊಟ್ಟೆ ತುಂಬಿಸುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ರೋಗಗಳು

ಚಿಪ್ಪಿನ ಮೇಲೆ ಕಂದು ಅಥವಾ ಕಪ್ಪು ಕಲೆಗಳಾಗಿ ಕಾಣಿಸಿಕೊಳ್ಳುವ ಚಿಪ್ಪು ರೋಗಕ್ಕೆ ಕೈಟಿನ್ ತಿನ್ನುವ ಬ್ಯಾಕ್ಟೀರಿಯಾಗಳು ಕಾರಣ. ಗಾಯಗೊಂಡ ಅಥವಾ ಕಲುಷಿತ ನೀರಿನಲ್ಲಿರುವ ಏಡಿಗಳಲ್ಲಿ ಇದು ಹೆಚ್ಚು. ಆರಂಭದ ಹಂತದಲ್ಲಿದ್ದರೆ ಪೊರೆ ಕಳಚಿದಾಗ ಹೋಗುತ್ತದೆ, ಆಳಕ್ಕಿಳಿದರೆ ಸಾವು ತರುತ್ತದೆ.

ಅಳಿವೆಯಲ್ಲಿ ಹೆಚ್ಚು ಆತಂಕ ಹುಟ್ಟಿಸುವುದು ಬಿಳಿಚುಕ್ಕೆ ರೋಗದ ವೈರಸ್. 1990ರ ದಶಕದ ಮೊದಲ ವರ್ಷಗಳಲ್ಲಿ ಪೂರ್ವ ಏಷ್ಯಾದಲ್ಲಿ ಕಾಣಿಸಿಕೊಂಡ ಇದು 1994ರ ವೇಳೆಗೆ ಭಾರತದ ಸೀಗಡಿ ಕೃಷಿಯನ್ನು ತಲುಪಿ ಭಾರೀ ನಷ್ಟ ತಂದಿತು. ಸೀಗಡಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಏಡಿಯೋ ಯಾವ ಲಕ್ಷಣವನ್ನೂ ತೋರದೆ ವೈರಸ್ಸನ್ನು ಹೊತ್ತು ತಿರುಗಬಲ್ಲದು. ರೋಗ ಬಂದ ಕೆರೆಯ ನೀರನ್ನು ಹೊಳೆಗೆ ಬಿಟ್ಟರೆ ಅದು ಹಬ್ಬುವುದು ಹೀಗೆ. ಗದ್ದೆಯ ಏಡಿಗಳಿಗೂ ಈ ವೈರಸ್ ತಗಲಬಲ್ಲದೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ.

ಮನುಷ್ಯರಿಗೆ ನೇರವಾಗಿ ಸಂಬಂಧಿಸಿದ್ದು ಶ್ವಾಸಕೋಶದ ಚಪ್ಪಟೆ ಹುಳು. ಬಸವನಹುಳುವಿನಿಂದ ಏಡಿಗೆ, ಏಡಿಯಿಂದ ಅದನ್ನು ಹಸಿಯಾಗಿ ತಿಂದವರಿಗೆ ಇದು ದಾಟುತ್ತದೆ. ಕೆಮ್ಮು ಮತ್ತು ಕಫದಲ್ಲಿ ರಕ್ತ ಕಾಣುವುದರಿಂದ ಕ್ಷಯವೆಂದು ತಪ್ಪು ತಿಳಿದು ಚಿಕಿತ್ಸೆ ನೀಡುವುದುಂಟು. ಭಾರತದಲ್ಲಿ ಮಣಿಪುರ, ನಾಗಾಲ್ಯಾಂಡ್ ಮೊದಲಾದ ಈಶಾನ್ಯ ರಾಜ್ಯಗಳಿಂದ ಹೆಚ್ಚಿನ ಪ್ರಕರಣಗಳು ವರದಿಯಾಗಿವೆ. ಏಡಿಯನ್ನು ಚೆನ್ನಾಗಿ ಬೇಯಿಸಿಯೇ ಉಣ್ಣುವ ಕೊಡಗಿನ ಪದ್ಧತಿ ಈ ಹುಳುವನ್ನು ಕೊಲ್ಲುತ್ತದೆ. ಅಂಗಳದ ಕೆಂಡದಲ್ಲಿ ಅರೆಬರೆ ಸುಟ್ಟು ತಿನ್ನುವ ಹುಡುಗಾಟಕ್ಕೆ ಮಾತ್ರ ಆ ರಕ್ಷಣೆ ಇಲ್ಲ.

ವಿಷ, ಪಲ್ಪರ್ ನೀರು, ಮಣ್ಣು

ರೋಗಗಳಿಗಿಂತ ದೊಡ್ಡ ಶತ್ರು ಬೇರೆಯೇ ಇದೆ. ಏಡಿ ಕೀಟಗಳ ದೂರದ ಸಂಬಂಧಿ, ಎರಡೂ ಸಂಧಿಪದಿಗಳು. ಕೀಟದ ನರಮಂಡಲಕ್ಕೆ ತಯಾರಿಸಿದ ವಿಷ ಏಡಿಯ ನರಮಂಡಲವನ್ನೂ ಬಿಡುವುದಿಲ್ಲ. ಕಾಫಿಯ ಕಾಯಿಕೊರಕದ ವಿರುದ್ಧ ವರ್ಷಗಟ್ಟಲೆ ಬಳಕೆಯಲ್ಲಿದ್ದ ಎಂಡೋಸಲ್ಫಾನ್‌ಗೆ ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ತಡೆ ನೀಡಿತು. ಗದ್ದೆಗೆ ಹರಳಿನ ರೂಪದಲ್ಲಿ ಹಾಕುತ್ತಿದ್ದ ಫೋರೇಟ್ 2020ರ ಅಂತ್ಯದಿಂದ ನಿಷೇಧಕ್ಕೊಳಗಾಗಿದೆ. ಆದರೆ ಬಿಲಕ್ಕೆ ಒಂದು ಚಿಟಿಕೆ ಕೀಟನಾಶಕ ಹಾಕುವ ಅಭ್ಯಾಸವನ್ನು ಯಾವ ಆದೇಶವೂ ತಾನಾಗಿ ಅಳಿಸದು. ಹಾಗೆ ಹಾಕಿದ ವಿಷ ಮೊದಲ ಮಳೆಗೇ ತೋಡು ಸೇರುತ್ತದೆ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬರುವುದು ಪಲ್ಪರ್ ನೀರು. ಕಾಫಿ ಹಣ್ಣಿನ ಸಿಪ್ಪೆ, ಲೋಳೆ ತೆಗೆದ ಈ ನೀರು ಹುಳಿ. ಸಕ್ಕರೆಯಂಶ ಕೊಳೆಯುವಾಗ ತೊರೆಯ ಆಮ್ಲಜನಕವನ್ನೆಲ್ಲ ಹೀರಿಕೊಳ್ಳುತ್ತದೆ. ತೊರೆಗಳು ಬತ್ತಿ ಸಣ್ಣ ಗುಂಡಿಗಳಾಗಿ ಉಳಿಯುವ ಹೊತ್ತಿಗೇ ಇದು ಹರಿದುಬರುವುದರಿಂದ ಹಾನಿ ಇಮ್ಮಡಿ. ಸುಣ್ಣ ಬೆರೆಸಿ, ಹೊಂಡಗಳಲ್ಲಿ ನಿಲ್ಲಿಸಿ ಶುದ್ಧೀಕರಿಸಿದರೆ ತೊಂದರೆ ಬಹಳಷ್ಟು ತಗ್ಗುತ್ತದೆ. ಖರ್ಚಿನ ನೆಪದಲ್ಲಿ ರಾತ್ರಿ ತೂಬು ತೆರೆಯುವವರೂ ಇದ್ದಾರೆ.

ಇದರ ಮೇಲೆ ಭೂಕುಸಿತ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು ಭಾಗಗಳಲ್ಲಿ ಗುಡ್ಡಗಳು ಜಾರಿದಾಗ ತೊರೆಗಳ ಕಲ್ಲುಸಂದುಗಳೆಲ್ಲ ಕೆಸರಿನಿಂದ ತುಂಬಿದವು. ಏಡಿ ಅಡಗುವುದು, ಪೊರೆ ಕಳಚುವುದು ಅದೇ ಸಂದುಗಳಲ್ಲಿ. 2019 ಮತ್ತು 2020ರಲ್ಲೂ ಜಿಲ್ಲೆಯಲ್ಲಿ ಕುಸಿತಗಳಾದವು. ಗದ್ದೆಗಳು ಪಾಳು ಬೀಳುವುದು, ಕಾಫಿ ಅಥವಾ ನಿವೇಶನವಾಗುವುದು ನಿಂತಿಲ್ಲ. ನೀರು ನಿಲ್ಲದ ಕಡೆ ಗದ್ದೆಯ ಏಡಿಗೆ ನೆಲೆಯಿಲ್ಲ.

ಘಟ್ಟವಿಳಿದ ಮಣ್ಣು ಮತ್ತು ವಿಷವನ್ನು ಅಳಿವೆ ಸ್ವೀಕರಿಸುವಾಗ ಅದರದೇ ಕಷ್ಟಗಳೂ ಇರುತ್ತವೆ: ಮರಳುಗಾರಿಕೆ, ಕಾಂಡ್ಲಾ ನಾಶ, ನಗರದ ಕೊಳಚೆ, ಉಪ್ಪು ಮತ್ತು ಸಿಹಿನೀರಿನ ಹದ ಬದಲಿಸುವ ಕಿಂಡಿ ಅಣೆಕಟ್ಟುಗಳು. ಉತ್ತರ ಕನ್ನಡದ ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣದ ಮಾನ್ಯತೆ ದೊರೆಯಿತು. ನೇತ್ರಾವತಿ ಅಥವಾ ಚಂದ್ರಗಿರಿಗೆ ಅಂಥ ಮಾನ್ಯತೆ ಇಲ್ಲ.

ಗದ್ದೆಯಲ್ಲಿ ಏಡಿ ಹಿಡಿಯುವವರು ಅದನ್ನು ಮಗುಚಿ ನೋಡುವುದು ಒಳಿತು. ಹೊಟ್ಟೆಯ ಮಡಿಕೆ ಕಿರಿದಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು. ಮಡಿಕೆಯಡಿ ಮೊಟ್ಟೆ ಅಥವಾ ಮರಿಗಳಿದ್ದರೆ ಆ ಏಡಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು. ವಿಷ ಹಾಕಿದ ಗದ್ದೆಯದೆಂಬ ಅನುಮಾನವಿದ್ದರೆ, ತೂಗಾಡುತ್ತ ನಡೆಯುವ ಅಥವಾ ಹಿಡಿದಾಗ ಕೊಂಡಿ ಎತ್ತದ ಏಡಿಯನ್ನು ಅಡುಗೆಮನೆಗೆ ತರಬಾರದು.