ಬೆವರು ಮತ್ತು ಲವಣನಷ್ಟ

ದೂರದ ಓಟ, ಸೈಕಲ್ ಸವಾರಿ, ಚಾರಣಗಳಂಥ ದೀರ್ಘ ವ್ಯಾಯಾಮದಲ್ಲಿ ದೇಹವು ಬೆವರಿನ ಮೂಲಕ ನೀರನ್ನೂ ಲವಣಗಳನ್ನೂ, ಮುಖ್ಯವಾಗಿ ಸೋಡಿಯಂ ಮತ್ತು ಕ್ಲೋರೈಡನ್ನು, ಕಳೆದುಕೊಳ್ಳುವ ಕ್ರಿಯೆ. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ; ತೊಟ್ಟಿಕ್ಕಿ ನೆಲ ಸೇರಿದ ಬೆವರಿನಿಂದ ಮೈ ತಣಿಯುವುದಿಲ್ಲ. ಬೆಂಗಳೂರಿನ ಒಣ ಬೇಸಿಗೆಯಲ್ಲಿ ಹನುಮಂತನಗರದ ರಾಮಾಂಜನೇಯ ಗುಡ್ಡ ಹತ್ತಿಳಿದವರ ಅಂಗಿ ಬೇಗ ಆರುತ್ತದೆ. ಅದೇ ಶ್ರಮಕ್ಕೆ ಮಂಗಳೂರಿನಲ್ಲಿ ಮೈಯೆಲ್ಲ ತೊಯ್ದು ತೊಪ್ಪೆಯಾಗುತ್ತದೆ. ಹೀಗಾಗಿ ಬೆಂಗಳೂರಿಗರು ತಾವು ಬೆವರಿದ್ದು ಕಡಿಮೆಯೆಂದು ತಿಳಿಯುವುದುಂಟು. ಆರಿದ ಬಟ್ಟೆಯ ಮೇಲಿನ ಬಿಳಿ ಗೆರೆಗಳು ಬೇರೆಯದನ್ನೇ ತೋರಿಸುತ್ತವೆ.

ಸಾಮಾನ್ಯವಾಗಿ ಗಂಟೆಗೆ ಅರ್ಧದಿಂದ ಎರಡು ಲೀಟರ್ ಬೆವರು ಹರಿಯುತ್ತದೆ. ಲೀಟರಿಗೆ ಸರಾಸರಿ ಒಂದು ಗ್ರಾಂ ಸೋಡಿಯಂ, ಅಂದರೆ ಸುಮಾರು ಅರ್ಧ ಟೀ ಚಮಚ ಅಡುಗೆ ಉಪ್ಪು ಹೋಗುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಇದು ಹಲವು ಪಟ್ಟು ಬದಲಾಗಬಹುದು. ಬೆವರುಗ್ರಂಥಿಯ ನಾಳವು ಹೊರಟ ಉಪ್ಪಿನ ಬಹುಪಾಲನ್ನು ಮರಳಿ ಹೀರುತ್ತದೆ. ಬೆವರು ರಭಸವಾಗಿ ಹರಿದಾಗ ಹೀರಲು ಪುರುಸೊತ್ತು ಸಿಗದೆ ಉಪ್ಪು ಹೆಚ್ಚು ಸೋರುತ್ತದೆ. ಎರಡು ವಾರ ಬಿಸಿಲಲ್ಲಿ ಅಭ್ಯಾಸ ಮಾಡಿದವರು ಹೆಚ್ಚು ಬೆವರುತ್ತಾರೆ, ಆದರೆ ಆಲ್ಡೋಸ್ಟೆರೋನ್ ಹಾರ್ಮೋನಿನ ಪ್ರಭಾವದಿಂದ ಅವರ ಬೆವರು ಸಪ್ಪೆಯಾಗಿರುತ್ತದೆ.

ಬೆವರಿನಲ್ಲಿ ರಕ್ತದಲ್ಲಿರುವಷ್ಟು ಉಪ್ಪು ಇರುವುದಿಲ್ಲ. ಆದ್ದರಿಂದ ಬರೀ ಬೆವರಿದರೆ ರಕ್ತದ ಸೋಡಿಯಂ ಸಾಂದ್ರತೆ ಇಳಿಯುವುದಿಲ್ಲ, ಏರುತ್ತದೆ. ಅದನ್ನು ಇಳಿಸುವುದು ಮುಖ್ಯವಾಗಿ ಮಿತಿಮೀರಿ ಕುಡಿದ ನೀರು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಿದ 488 ಓಟಗಾರರ ಪೈಕಿ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಕುಸಿದಿತ್ತು. ಓಡುತ್ತ ತೂಕ ಹೆಚ್ಚಿಸಿಕೊಂಡವರಲ್ಲಿ ಈ ಅಪಾಯ ಎದ್ದು ಕಂಡಿತು. ತಲೆನೋವು, ವಾಂತಿ, ಗಲಿಬಿಲಿ ಇದರ ಲಕ್ಷಣಗಳು. ತೀವ್ರವಾದರೆ ಮಿದುಳು ಊದಿಕೊಂಡು ಪ್ರಾಣಕ್ಕೇ ಕುತ್ತು. ಬಾಯಾರಿಕೆ ಆಗಲಿ ಬಿಡಲಿ ಕುಡಿಯುತ್ತಲೇ ಇರಬೇಕೆಂಬ ಹಳೆಯ ಸಲಹೆ ಆದ್ದರಿಂದ ಅಪಾಯಕಾರಿ.

ಹೋದ ಉಪ್ಪನ್ನು ತುಂಬಿಕೊಳ್ಳಲು ಎಲ್ಲ ಪಾನೀಯಗಳೂ ಒದಗುವುದಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಇದಕ್ಕೆ ತದ್ವಿರುದ್ಧ. ರಾಮನವಮಿಯ ಪಾನಕ ಬೆಲ್ಲದ ಶಕ್ತಿಯನ್ನೂ ನೀರನ್ನೂ ಕೊಡುತ್ತದೆ, ಉಪ್ಪನ್ನಲ್ಲ. ಜೊತೆಗೆ ಹಂಚುವ ಉಪ್ಪು ಬೆರೆಸಿದ ನೀರುಮಜ್ಜಿಗೆ ಮತ್ತು ಕೋಸಂಬರಿಯೇ ಈ ಕೆಲಸಕ್ಕೆ ಮೇಲು. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪಿದೆ. ಅದು ರೂಪುಗೊಂಡದ್ದು ಭೇದಿಗಾಗಿ, ಓಟಕ್ಕಲ್ಲ.

2008ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ವಿಶ್ವ 10ಕೆಯಂಥ, ಸುಮಾರು ಒಂದು ಗಂಟೆಯ ಓಟದಲ್ಲಿ ಹೋದ ಉಪ್ಪನ್ನು ಮುಂದಿನ ಊಟದ ಸಾರು, ಉಪ್ಪಿನಕಾಯಿಗಳೇ ತುಂಬುತ್ತವೆ.