ಪ್ರವಾಸಿ ತಂಡ ಊರೂರಿಗೆ ಹೋಗುತ್ತಿದ್ದ ಕಾಲ

2025ರ ಜುಲೈ 26ರಂದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ 90,307 ಪ್ರೇಕ್ಷಕರ ಎದುರು ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ತಂಡ ಆಸ್ಟ್ರೇಲಿಯವನ್ನು 29-26ರಿಂದ ಸೋಲಿಸಿ ಸರಣಿ ಗೆದ್ದುಕೊಂಡಿತು. ಆ ಋತುವಿನ ರಗ್ಬಿ ಎಂದರೆ ಹೆಚ್ಚಿನವರ ನೆನಪಿಗೆ ಬರುವುದು ಆ ರಾತ್ರಿಯೇ. ಅದಕ್ಕೆ ನಾಲ್ಕು ದಿನ ಮೊದಲು, ಅದೇ ನಗರದ ಇನ್ನೊಂದು ಮೈದಾನದಲ್ಲಿ, ಆಸ್ಟ್ರೇಲಿಯದ ಮೂಲನಿವಾಸಿ ಮತ್ತು ಪೆಸಿಫಿಕ್ ದ್ವೀಪ ಮೂಲದ ಆಟಗಾರರನ್ನು ಕೂಡಿಸಿ ಕಟ್ಟಿದ ತಂಡವೊಂದು ಇದೇ ಲಯನ್ಸ್‌ಗೆ ಬೆವರಿಳಿಸಿ 24-19ರಲ್ಲಿ ಸೋತಿತ್ತು. ಸರಣಿಯ ಲೆಕ್ಕಕ್ಕೆ ಆ ಪಂದ್ಯ ಬರುವುದಿಲ್ಲ. ಆದರೂ ಪ್ರವಾಸ ಎಂಬ ಪದ್ಧತಿಯ ಇತಿಹಾಸವನ್ನು ಹಿಂದಕ್ಕೆ ಹಿಡಿದು ಹೋದರೆ, ರಗ್ಬಿಗೆ ಅದರ ಈಗಿನ ಸ್ವರೂಪ ಕೊಟ್ಟದ್ದು ಟೆಸ್ಟ್ ಪಂದ್ಯಗಳಿಗಿಂತ ಹೆಚ್ಚಾಗಿ ಇಂಥ ಲೆಕ್ಕಕ್ಕಿಲ್ಲದ ಪಂದ್ಯಗಳೇ ಎಂದು ನನಗೆ ದೃಢವಾಗಿ ಅನಿಸುತ್ತದೆ. ಗರ್ಭಗುಡಿಯ ದೇವರು ಉತ್ಸವಮೂರ್ತಿಯಾಗಿ ಬೀದಿಗೆ ಬಂದಂತೆ, ದೂರದ ದೊಡ್ಡ ತಂಡ ಸಣ್ಣ ಊರಿನ ಮೈದಾನಕ್ಕೆ ಇಳಿದು ಬರುತ್ತಿತ್ತು. ಆ ಊರುಗಳಿಗೂ ಆಟಕ್ಕೂ ಆಗ ಏನಾಯಿತು ಎಂಬುದೇ ಇಲ್ಲಿನ ವಿಷಯ.

ಈ ಪದ್ಧತಿ ಹುಟ್ಟಿದ್ದು ಯಾವ ಒಕ್ಕೂಟದ ಯೋಜನೆಯಿಂದಲೂ ಅಲ್ಲ. 1888ರಲ್ಲಿ ಮೊದಲ ಬ್ರಿಟಿಷ್ ತಂಡವನ್ನು ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಕ್ಕೆ ಕರೆದೊಯ್ದವರು ಆಲ್ಫ್ರೆಡ್ ಶಾ ಮತ್ತು ಆರ್ಥರ್ ಶ್ರೂಸ್‌ಬರಿ ಎಂಬ ಇಬ್ಬರು ಕ್ರಿಕೆಟಿಗರು. ಅವರಿಗೆ ಬೇಕಿದ್ದುದು ಟಿಕೆಟ್ಟಿನ ಹಣ. ಆ ತಂಡ 35 ರಗ್ಬಿ ಪಂದ್ಯ ಆಡಿತು, ಅದರಲ್ಲಿ ಟೆಸ್ಟ್ ಎಂಬುದು ಒಂದೂ ಇರಲಿಲ್ಲ. ನಾಯಕ ರಾಬರ್ಟ್ ಸೆಡನ್ ಪ್ರವಾಸದ ನಡುವೆಯೇ ಹಂಟರ್ ನದಿಯಲ್ಲಿ ಮುಳುಗಿ ಸತ್ತ. ಅದೇ ವರ್ಷ ಎದುರು ದಿಕ್ಕಿನಲ್ಲಿ ಹೊರಟ ನ್ಯೂಜಿಲೆಂಡ್ ನೇಟಿವ್ಸ್ ಎಂಬ, ಬಹುಪಾಲು ಅಲ್ಲಿನ ಮೂಲನಿವಾಸಿ ಮಾವೊರಿಗಳೇ ಇದ್ದ ತಂಡ ತವರಿನ ಪಂದ್ಯಗಳೂ ಸೇರಿ ಒಟ್ಟು 107 ರಗ್ಬಿ ಪಂದ್ಯ ಆಡಿತು. ಕಪ್ಪು ಅಂಗಿ, ಬೆಳ್ಳಿ ಜರೀಗಿಡದ ಎಲೆ, ಆಟಕ್ಕೆ ಮೊದಲು ಹಾಕಾ ಎಂಬ ಮಾವೊರಿ ಕುಣಿತ, ಇವೆಲ್ಲ ಬ್ರಿಟನ್ನಿನ ಜನರ ಕಣ್ಣಿಗೆ ಮೊದಲು ಬಿದ್ದದ್ದು ಆಗ. ಇಂದು ಜಗತ್ತಿನ ಅತಿ ಪ್ರಸಿದ್ಧ ಕ್ರೀಡಾ ಗುರುತುಗಳಲ್ಲಿ ಒಂದೆನಿಸಿರುವ ಆ ವೇಷ ರೂಢಿಗೆ ಬಂದದ್ದು ಕಾರ್ಖಾನೆ ಊರುಗಳ ಕೆಸರಿನ ಮೈದಾನಗಳಲ್ಲಿ, ಎರಡು ಮೂರು ದಿನಕ್ಕೊಂದು ಪಂದ್ಯ ಆಡಿ ದಣಿದವರಿಂದ ಎಂಬುದನ್ನು ಮರೆಯಬಾರದು.

ನ್ಯೂಜಿಲೆಂಡ್ ರಾಷ್ಟ್ರೀಯ ತಂಡ ಆಲ್ ಬ್ಲ್ಯಾಕ್ಸ್‌ನ 1905ರ ಪ್ರವಾಸ ಈ ವಾದಕ್ಕೆ ಇನ್ನೂ ಗಟ್ಟಿ ಸಾಕ್ಷಿ. ಮೊದಲ ಪಂದ್ಯದಲ್ಲೇ ಅವರು ಡೆವನ್ ಕೌಂಟಿಯನ್ನು 55-4ರಿಂದ ಬಗ್ಗುಬಡಿದರು. ಮುಂದೆ ಡಿಸೆಂಬರ್ 16ರವರೆಗೆ ಯಾರಿಗೂ ಸೋಲಲಿಲ್ಲ. ಅಂದು ಕಾರ್ಡಿಫ್‌ನಲ್ಲಿ ವೇಲ್ಸ್ ಅವರನ್ನು 3-0ಯಿಂದ ಸೋಲಿಸಿತು. ಇಡೀ ಪ್ರವಾಸದ 35 ಪಂದ್ಯಗಳಲ್ಲಿ ಅದೊಂದೇ ಸೋಲು. ಅಂದು ಆಲ್ ಬ್ಲ್ಯಾಕ್ಸ್‌ನ ಬಾಬ್ ಡೀನ್ಸ್ ಮುಟ್ಟಿಸಿದ್ದು ಟ್ರೈ ಹೌದೋ ಅಲ್ಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ, ಅದು ಹಾಗಿರಲಿ. ಗಮನಿಸಬೇಕಾದ್ದು ವೇಲ್ಸ್ ಗೆದ್ದ ಬಗೆ. ತಿಂಗಳುಗಟ್ಟಲೆ ಊರೂರಲ್ಲಿ ನಡೆದ ಆಟವನ್ನು ನೋಡಿ, ಆಲ್ ಬ್ಲ್ಯಾಕ್ಸ್ ಏಳು ಫಾರ್ವರ್ಡ್‌ಗಳನ್ನಷ್ಟೇ ಇಟ್ಟುಕೊಂಡು ಒಬ್ಬನನ್ನು ಬಿಡುಬೀಸಾಗಿ ಆಡಿಸುವ ತಂತ್ರವನ್ನು ಅರ್ಥಮಾಡಿಕೊಂಡು, ವೇಲ್ಸ್ ತಾನೂ ತನ್ನ ತಂಡವನ್ನು ಹಾಗೆಯೇ ಜೋಡಿಸಿತು. ಕೌಂಟಿ ಪಂದ್ಯಗಳು ಬರೀ ತಾಲೀಮಾಗಿರಲಿಲ್ಲ, ಒಂದು ದೇಶಕ್ಕೆ ಇನ್ನೊಂದು ದೇಶದ ಆಟವನ್ನು ಕಲಿಸುವ ಪಾಠಶಾಲೆಯಾಗಿದ್ದವು. ಹಾಕಾಕ್ಕೆ ಉತ್ತರವಾಗಿ ವೇಲ್ಸ್ ಆಟಗಾರರೂ ಪ್ರೇಕ್ಷಕರೂ ತಮ್ಮ ನಾಡಗೀತೆ ಹಾಡಿದ್ದೂ ಅಂದೇ. ಮುಂದಿನ ದಿನಗಳಲ್ಲಿ ಕಾರ್ಡಿಫ್ ಕ್ಲಬ್ 10-8ರಿಂದ, ಸ್ವಾನ್‌ಸೀ ಕ್ಲಬ್ 4-3ರಿಂದ ಸೋತವು. ಗೆಲುವು ಕೈಯಳತೆಯಲ್ಲಿದೆ ಎಂದು ಆ ಊರುಗಳಿಗೆ ಗೊತ್ತಾಗಿಹೋಯಿತು. ಸ್ವಾನ್‌ಸೀ ಕಾದದ್ದು ಮೂವತ್ತು ವರ್ಷ: 1935ರಲ್ಲಿ 11-3ರಿಂದ ಆಲ್ ಬ್ಲ್ಯಾಕ್ಸನ್ನು ಸೋಲಿಸಿತು. 1963ರಲ್ಲಿ ನ್ಯೂಪೋರ್ಟ್ ಒಂದೇ ಡ್ರಾಪ್ ಗೋಲ್‌ನಿಂದ 3-0ರಲ್ಲಿ ಗೆದ್ದಿತು.

1972 ಮತ್ತು 1978ರ ಎರಡು ಪಂದ್ಯಗಳ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಎರಡೂ ಅಕ್ಟೋಬರ್ 31ರಂದು, ಮಂಗಳವಾರವೇ ನಡೆದವು. ಲನೆಕ್ಲಿ ಎಂಬುದು ತಗಡಿನ ಕಾರ್ಖಾನೆಗಳಿಂದ ಬೆಳೆದ ವೇಲ್ಸ್‌ನ ಊರು. ಅದರ ತಂಡ 1972ರಲ್ಲಿ ಆಲ್ ಬ್ಲ್ಯಾಕ್ಸನ್ನು 9-3ರಿಂದ ಸೋಲಿಸಿದಾಗ ತರಬೇತುದಾರರಾಗಿದ್ದವರು ಕಾರ್ವಿನ್ ಜೇಮ್ಸ್. ಹಿಂದಿನ ವರ್ಷ ಲಯನ್ಸ್ ತಂಡ ನ್ಯೂಜಿಲೆಂಡಿಗೆ ಹೋಗಿ 2-1ರಿಂದ ಸರಣಿ ಗೆದ್ದಾಗ ಅದನ್ನು ಪಳಗಿಸಿದವರೂ ಅವರೇ. ನಾಯಕ ಡೆಲ್ಮೆ ಥಾಮಸ್ ಕೂಡ ಆ ಪ್ರವಾಸಕ್ಕೆ ಹೋಗಿ ಬಂದವರು. ನ್ಯೂಜಿಲೆಂಡಿನ ಹತ್ತಾರು ಊರುಗಳಲ್ಲಿ ಆಡಿ ಗಳಿಸಿದ ತಿಳಿವಳಿಕೆ ಲನೆಕ್ಲಿಯ ಸ್ಟ್ರಾಡಿ ಪಾರ್ಕಿಗೆ ಬಂದು ಫಲ ಕೊಟ್ಟಿತು. 1978ರಲ್ಲಿ ಐರ್ಲೆಂಡಿನ ಲಿಮೆರಿಕ್‌ನ ಥೋಮಂಡ್ ಪಾರ್ಕಿನಲ್ಲಿ ಮನ್‌ಸ್ಟರ್ ಪ್ರಾಂತದ ತಂಡ 12-0ಯಿಂದ ಗೆದ್ದಿತು. ಗ್ರಹಾಂ ಮೌರಿ ನಾಯಕತ್ವದ ಆ ಆಲ್ ಬ್ಲ್ಯಾಕ್ಸ್ ಅದೇ ಪ್ರವಾಸದಲ್ಲಿ ಐರ್ಲೆಂಡ್, ವೇಲ್ಸ್, ಇಂಗ್ಲೆಂಡ್, ಸ್ಕಾಟ್ಲೆಂಡ್ ನಾಲ್ಕನ್ನೂ ಸೋಲಿಸಿ ನ್ಯೂಜಿಲೆಂಡಿಗೆ ಮೊದಲ ಗ್ರ್ಯಾಂಡ್ ಸ್ಲ್ಯಾಮ್ ತಂದುಕೊಟ್ಟರು. ಆಡಿದ 18 ಪಂದ್ಯಗಳಲ್ಲಿ ಅವರು ಸೋತದ್ದು ಮನ್‌ಸ್ಟರ್‌ಗೆ ಮಾತ್ರ. ಐರ್ಲೆಂಡ್ ರಾಷ್ಟ್ರೀಯ ತಂಡ ಆಲ್ ಬ್ಲ್ಯಾಕ್ಸನ್ನು ಮೊದಲ ಬಾರಿಗೆ ಸೋಲಿಸಿದ್ದು 2016ರಲ್ಲಿ, ಷಿಕಾಗೋದಲ್ಲಿ. ಒಂದು ಪ್ರಾಂತ ಮಾಡಿದ್ದನ್ನು ಮಾಡಲು ಇಡೀ ದೇಶಕ್ಕೆ ಇನ್ನೂ 38 ವರ್ಷ ಬೇಕಾಯಿತು. ವೃತ್ತಿಪರ ಯುಗದಲ್ಲಿ ಮನ್‌ಸ್ಟರ್ ಯುರೋಪಿನ ದೊಡ್ಡ ತಂಡವಾಗಿ ಬೆಳೆದದ್ದಕ್ಕೆ ಕಾರಣ ಹಲವು. ಅದರ ಅಭಿಮಾನಿಗಳ ಅಚಲ ನಂಬಿಕೆಯ ಬೇರು ಮಾತ್ರ ಆ ಮಂಗಳವಾರದಲ್ಲಿದೆ.

ಈ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಅತ್ಯಂತ ಗಂಭೀರವಾದದ್ದು ದಕ್ಷಿಣ ಆಫ್ರಿಕಾದ್ದು. ಪ್ರವಾಸದ ಸಂಭ್ರಮವನ್ನು ಕೊಂಡಾಡುವವರು ಅದು ವರ್ಣಭೇದ ನೀತಿಗೆ ಎಷ್ಟು ಕಾಲ ಮರ್ಯಾದೆಯ ಹೊದಿಕೆಯಾಗಿತ್ತು ಎಂಬುದನ್ನು ಮರೆಮಾಚುತ್ತಾರೆ ಎಂಬ ಮಾತಿನಲ್ಲಿ ಸತ್ಯವಿದೆ. ನ್ಯೂಜಿಲೆಂಡಿನ 1924-25ರ ಅಜೇಯ ತಂಡದ ಪರವಾಗಿ ಬ್ರಿಟನ್, ಐರ್ಲೆಂಡ್, ಫ್ರಾನ್ಸ್‌ಗಳ ಒಂದು ಪಂದ್ಯವನ್ನೂ ತಪ್ಪಿಸದೆ ಆಡಿದ ಜಾರ್ಜ್ ನೇಪಿಯಾನನ್ನು 1928ರ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಕರೆದೊಯ್ಯಲಿಲ್ಲ, ಏಕೆಂದರೆ ಆತ ಮಾವೊರಿ. 1949ರಲ್ಲೂ 1960ರಲ್ಲೂ ಮಾವೊರಿಗಳನ್ನು ಬಿಟ್ಟೇ ಹಡಗು, ವಿಮಾನ ಹೊರಟವು. ಇದು ನ್ಯೂಜಿಲೆಂಡ್ ಒಕ್ಕೂಟ ತನ್ನವರಿಗೇ ಬಗೆದ ದ್ರೋಹ, ಬೇರೆ ಹೆಸರು ಕೊಟ್ಟು ತೇಲಿಸಲಾಗದು. ಆದರೆ ಈ ಅನ್ಯಾಯ ಬಯಲಿಗೆ ಬಿದ್ದ ಬಗೆಯನ್ನೂ ನೋಡಬೇಕು. ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಪಟ್ಟಣ ಇದಕ್ಕೆ ತಕ್ಕ ಉದಾಹರಣೆ. 1956ರಲ್ಲಿ ದಕ್ಷಿಣ ಆಫ್ರಿಕಾ ತಂಡವಾದ ಸ್ಪ್ರಿಂಗ್‌ಬಾಕ್ಸ್ ಅಲ್ಲಿಗೆ ಬಂದಾಗ ವೈಕಾಟೊ ತಂಡ ಅವರನ್ನು 14-10ರಿಂದ ಸೋಲಿಸಿತು. ಸ್ಪ್ರಿಂಗ್‌ಬಾಕ್ಸ್ 1981ರಲ್ಲಿ ಮತ್ತೆ ಪ್ರವಾಸ ಬಂದಾಗ, ಜುಲೈ 25ರಂದು ಅದೇ ಪಟ್ಟಣದಲ್ಲಿ ವರ್ಣಭೇದ ವಿರೋಧಿ ಪ್ರತಿಭಟನಾಕಾರರು ಬೇಲಿ ಕಿತ್ತು ಮೈದಾನದ ನಡುವೆ ನಿಂತರು, ಪಂದ್ಯ ರದ್ದಾಯಿತು. ಅದು ದಕ್ಷಿಣ ಆಫ್ರಿಕಾದಲ್ಲಿ ನೇರ ಪ್ರಸಾರವಾಗುತ್ತಿತ್ತು. ಸುದ್ದಿ ರಾಬೆನ್ ದ್ವೀಪದ ಕೈದಿಗಳಿಗೂ ತಲುಪಿ ಬಲ ಕೊಟ್ಟಿತೆಂದು ನೆಲ್ಸನ್ ಮಂಡೇಲಾ ಮುಂದೆ ಹೇಳಿದರು. ಆ 56 ದಿನಗಳ ಪ್ರವಾಸದಲ್ಲಿ ನ್ಯೂಜಿಲೆಂಡಿನ 28 ಕಡೆ ಇನ್ನೂರಕ್ಕೂ ಹೆಚ್ಚು ಪ್ರದರ್ಶನಗಳು ನಡೆದು, ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಬೀದಿಗಿಳಿದರು. ಮೂರು ಟೆಸ್ಟ್ ಆಡಿ ಹೊರಟುಹೋಗುವ ಪ್ರವಾಸವಾಗಿದ್ದರೆ ಮೂರು ನಗರಗಳ ಪೊಲೀಸರು ಅದನ್ನು ನಿಭಾಯಿಸಿಬಿಡುತ್ತಿದ್ದರು. ತಂಡ ಊರೂರಿಗೆ ಬಂದದ್ದರಿಂದ ಊರೂರೂ, ಎಷ್ಟೋ ಮನೆಗಳೂ, ಪರವೋ ವಿರುದ್ಧವೋ ಎಂದು ನಿಲುವು ತಳೆಯಬೇಕಾಯಿತು. ಪ್ರವಾಸ ಒಳ್ಳೆಯದಾಗಿತ್ತು ಎಂದು ನಾನು ಹೇಳುತ್ತಿಲ್ಲ. ಅದರ ವ್ಯಾಪ್ತಿಯೇ ಅದರ ಪಾಪವನ್ನು ಎತ್ತಿ ತೋರಿಸಿತು ಎನ್ನುತ್ತಿದ್ದೇನೆ.

ಎರಡನೆಯ ಆಕ್ಷೇಪ ಹಣದ್ದು. ತಿಂಗಳುಗಟ್ಟಲೆ ಪ್ರವಾಸ ಸಾಧ್ಯವಾದದ್ದು ಆಟಗಾರರಿಗೆ ಸಂಬಳ ಕೊಡದೆ ದುಡಿಸಿಕೊಂಡದ್ದರಿಂದ ಎಂಬುದು ನಿಜವೇ. 1905ರ ಆಲ್ ಬ್ಲ್ಯಾಕ್ಸ್‌ಗೆ ದಿನಕ್ಕೆ ಸಿಗುತ್ತಿದ್ದುದು ಮೂರು ಶಿಲಿಂಗ್ ಭತ್ಯೆ, ಗೇಟಿನ ದೊಡ್ಡ ಹಣವೆಲ್ಲ ಒಕ್ಕೂಟಗಳ ಪಾಲು. ಅದನ್ನು ಕಂಡು ರೊಚ್ಚಿಗೆದ್ದವರೇ 1907ರಲ್ಲಿ ಆಲ್ಬರ್ಟ್ ಬಾಸ್ಕರ್‌ವಿಲ್ ಕಟ್ಟಿದ ವೃತ್ತಿಪರ ತಂಡ ಸೇರಿದರು. ಒಕ್ಕೂಟಗಳು ಸಂಬಳವನ್ನು ಒಪ್ಪಿಕೊಂಡದ್ದು 1995ರಲ್ಲಿ, ತೀರಾ ತಡವಾಗಿ. ಆದರೆ ಶೋಷಣೆ ಇದ್ದದ್ದು ಸಂಬಳವಿಲ್ಲದ ವ್ಯವಸ್ಥೆಯಲ್ಲಿ, ಊರಿನ ಪಂದ್ಯದಲ್ಲಲ್ಲ. ಬಾಸ್ಕರ್‌ವಿಲ್‌ನ ತಂಡವೂ ಇಂಗ್ಲೆಂಡಿನ ಉತ್ತರದ ಊರೂರು ಸುತ್ತಿಯೇ ಹಣ ಗಳಿಸಿತು ಎಂಬುದು ಇದಕ್ಕೆ ಪುರಾವೆ.

ಆಟಗಾರರ ಮೈಗೆ ಅಷ್ಟು ಪಂದ್ಯ ತಾಳದು ಎಂಬ ಇಂದಿನ ವಾದವನ್ನು ಮಾತ್ರ ನಾನು ಒಪ್ಪುತ್ತೇನೆ. ಈಗಿನ ಢಿಕ್ಕಿಗಳ ಬಿರುಸೇ ಬೇರೆ, 35 ಪಂದ್ಯಗಳ ಪ್ರವಾಸ ಇನ್ನು ಬರುವುದಿಲ್ಲ, ಬರಲೂಬಾರದು. ಆದರೆ ಮೂವತ್ತೈದು ಪಂದ್ಯಗಳಿಗೂ ಮೂರಕ್ಕೂ ನಡುವೆ ಜಾಗವಿದೆ. 2022ರ ನವೆಂಬರ್ 10ರ ಗುರುವಾರ, ಪ್ರಮುಖ ಆಟಗಾರರು ಐರ್ಲೆಂಡ್ ಶಿಬಿರದಲ್ಲಿದ್ದುದರಿಂದ ಬಡವಾಗಿದ್ದ ಮನ್‌ಸ್ಟರ್, ದಕ್ಷಿಣ ಆಫ್ರಿಕಾದ ಎ ತಂಡವನ್ನು ಕಾರ್ಕ್‌ನಲ್ಲಿ 28-14ರಿಂದ ಸೋಲಿಸಿದಾಗ ನೋಡಲು ಬಂದವರು 41,000ಕ್ಕೂ ಹೆಚ್ಚು. ಜನರಿಗೆ ಬೇಡವಾಗಿದೆ ಎನ್ನುವಂತಿಲ್ಲ. 2026ಕ್ಕೆ ಪ್ರಕಟವಾಗಿರುವ ಆಲ್ ಬ್ಲ್ಯಾಕ್ಸ್‌ನ ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿ ನಾಲ್ಕು ಟೆಸ್ಟ್‌ಗಳ ಜೊತೆಗೆ ಅಲ್ಲಿನ ನಾಲ್ಕು ವೃತ್ತಿಪರ ತಂಡಗಳ ವಿರುದ್ಧವೂ ಪಂದ್ಯಗಳಿರುವುದು ಸಂತೋಷದ ವಿಷಯ. ಆದರೆ ಆ ನಾಲ್ಕೂ ತಂಡಗಳು ಮಹಾನಗರಗಳವು. ಕರಿಯರ ರಗ್ಬಿ ಒಂದು ಶತಮಾನಕ್ಕೂ ಮಿಗಿಲಾಗಿ ಬೇರೂರಿರುವ ಈಸ್ಟರ್ನ್ ಕೇಪ್‌ಗೆ ಪಟ್ಟಿಯಲ್ಲಿ ಜಾಗವಿಲ್ಲ. ಒಂಬತ್ತನೆಯ ಪಂದ್ಯವೊಂದನ್ನು ಸೇರಿಸುವುದಾದರೆ ಅದು ಅಲ್ಲಿಯೇ ಆಗಬೇಕಿತ್ತು.