ನೋವು ಹೇಳದ ಪಾದ

1946ರಲ್ಲಿ ಪಾಲ್ ಬ್ರ್ಯಾಂಡ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಶಸ್ತ್ರವೈದ್ಯರಾಗಿ ಬಂದಾಗ, ಕುಷ್ಠರೋಗಿಗಳ ಕೈಕಾಲು ತಾನಾಗಿಯೇ ಕೊಳೆತು ಉದುರುತ್ತವೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ವೈದ್ಯರೂ ಅದಕ್ಕೆ ಹೊರತಾಗಿರಲಿಲ್ಲ. ಒಂದು ದಿನ ತುಕ್ಕು ಹಿಡಿದ ಬೀಗವೊಂದು ಬ್ರ್ಯಾಂಡ್ ಕೈಗೆ ಬಗ್ಗಲಿಲ್ಲ. ರೋಗಿ ಹುಡುಗನೊಬ್ಬ ಬಂದು ಕೀಲಿ ತಿರುಗಿಸಿಯೇಬಿಟ್ಟ. ಅವನ ಬೆರಳು ಮೂಳೆ ಕಾಣುವಷ್ಟು ಸೀಳಿತ್ತು. ಅವನಿಗೆ ಅದು ತಿಳಿದೇ ಇರಲಿಲ್ಲ. ರೋಗ ಕೊಲ್ಲುವುದು ನರವನ್ನು, ಬೆರಳನ್ನು ತಿನ್ನುವುದು ದಿನನಿತ್ಯದ ಪೆಟ್ಟು, ಸುಟ್ಟಗಾಯ, ಒತ್ತಡ ಎಂಬ ಬ್ರ್ಯಾಂಡ್ ವಾದಕ್ಕೆ ಇಂಥ ಘಟನೆಗಳೇ ಆಧಾರವಾದವು.

1966ರಲ್ಲಿ ಅವರು ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಸಕ್ಕರೆ ಕಾಯಿಲೆಯಿಂದ ನರ ಸತ್ತವರ ಅಂಗಾಲಿನಲ್ಲೂ ಅಂಥದೇ ಹುಣ್ಣು. ಪಾದಕ್ಕೆ ಒತ್ತಿ ಕೂರುವ ಪ್ಲಾಸ್ಟರ್ ಕಟ್ಟಿ ಭಾರ ಹಂಚುವ ಉಪಾಯ, ಭಾರತದ ಕುಷ್ಠ ಚಿಕಿತ್ಸೆಯಲ್ಲಿ ಪಳಗಿದ್ದು, ಅಲ್ಲಿ ಮಧುಮೇಹಿಗಳಿಗೂ ಒದಗಿತು. ಆದರೆ ಯಾರ ಪಾದ ಅಪಾಯದಲ್ಲಿದೆ ಎಂದು ಮೊದಲೇ ತಿಳಿಯುವುದು ಹೇಗೆ? 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಫಾನ್ ಫ್ರೇ ಕುದುರೆ ಕೂದಲಿನಿಂದ ಸ್ಪರ್ಶ ಅಳೆದಿದ್ದರು. ಮುಂದೆ ಕೂದಲಿನ ಜಾಗಕ್ಕೆ ನೈಲಾನ್ ಬಂತು. 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಮುಟ್ಟಿದ್ದು ತಿಳಿಯದವರಿಗೆ ಹುಣ್ಣಿನ ಅಪಾಯವಿದೆ ಎಂದು 1986ರಲ್ಲಿ ಕಾರ್ವಿಲ್‌ನ ಬರ್ಕ್ ಮತ್ತು ಸಿಮ್ಸ್ ತೋರಿಸಿದರು.

ಎಳೆ ಅಗ್ಗ, ಆದರೆ ಅದನ್ನು ಹಿಡಿಯುವ ಕೈ ಕಲಿಯಬೇಕು. ಜಡ್ಡುಗಟ್ಟಿದ ಚರ್ಮದ ಮೇಲೆ ಒತ್ತಿದರೆ, ಬಾಗುವ ಮುನ್ನವೇ ಎತ್ತಿದರೆ, ಉತ್ತರ ಸುಳ್ಳಾಗುತ್ತದೆ. ಸ್ಕಾಲ್ಪೆಲ್ ಹಿಡಿದಾಗ ಪೇಚು ಇನ್ನೂ ದೊಡ್ಡದು. ಬೇರೆ ರೋಗಿಯಾದರೆ "ಅಯ್ಯೋ" ಎಂದು ಕಲಿಯುವವರ ಕೈ ತಡೆಯುತ್ತಾನೆ. ಇಲ್ಲಿ ಬ್ಲೇಡು ಜೀವಂತ ಮಾಂಸಕ್ಕೆ ಇಳಿದರೂ ರೋಗಿ ಹರಟೆ ಹೊಡೆಯುತ್ತಲೇ ಇರಬಹುದು. ಅತಿಯಾಗಿ ಕೆತ್ತಿದರೆ ಗಾಯ ಬೆಳೆಯುತ್ತದೆ; ಹೆದರಿ ಬಿಟ್ಟರೆ ಸತ್ತ ಚರ್ಮದ ಕೆಳಗೆ ಕೀವು ಅಡಗಿ, ಕಾಲೇ ಹೋಗಬಹುದು. ಪಾದ ಚಿಕಿತ್ಸೆಯ ತರಬೇತಿಗಳಲ್ಲಿ ಕಸಾಯಿಖಾನೆಯಿಂದ ತಂದ ಹಂದಿಕಾಲು ಮೇಜಿನ ಮೇಲೆ ಬರುವುದು ಇದಕ್ಕಾಗಿಯೇ. ಅದರ ಚರ್ಮ ಮನುಷ್ಯರದಕ್ಕೆ ಹತ್ತಿರ. ಹುಣ್ಣು ಕೊರೆದ ಸಿಲಿಕಾನ್ ಪಾದಗಳೂ ಇವೆ. ಅವು ಚೊಕ್ಕಟವೇನೋ ಸರಿ. ಬ್ಲೇಡಿನಡಿ ಚರ್ಮ, ಕೊಬ್ಬು, ಸ್ನಾಯುರಜ್ಜು ಬೇರೆಬೇರೆಯಾಗಿ ತಡೆಯುವುದನ್ನು ಕಲಿಸುವುದರಲ್ಲಿ ಹಂದಿಕಾಲೇ ಮೇಲು.

ಮೊಂಡು ಲೋಹದ ಕಡ್ಡಿಯಿಂದ ಹುಣ್ಣಿನ ಆಳ ನೋಡುವುದೂ ಹೀಗೆಯೇ. ಸೋಂಕಿನ ಹುಣ್ಣಿನಲ್ಲಿ ಕಡ್ಡಿ ಮೂಳೆಗೆ ತಾಗಿದರೆ ಮೂಳೆಗೂ ಸೋಂಕು ಹತ್ತಿರುವ ಸಂಭವ ಹೆಚ್ಚು ಎಂದು 1995ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಆ ತಾಗುವಿಕೆ, ಗಟ್ಟಿಯಾಗಿ ತುಸು ಗರಗರ ಎನ್ನುವುದು, ಚಿತ್ರದಲ್ಲಿ ಕಾಣುವಂಥದ್ದಲ್ಲ. ಕಲಿಯುವ ನರ್ಸ್ ಹಂದಿಕಾಲಿನಲ್ಲಿ ಮೊದಲು ಮಾಂಸ, ಆಮೇಲೆ ಮೂಳೆ ಮುಟ್ಟಿ, ಕಣ್ಣು ಮುಚ್ಚಿ ಮತ್ತೆ ಮುಟ್ಟುತ್ತಾಳೆ.